ಅರಿಷಿಣ ಕೆಂಪಾದ ಶ್ರಾವಣ

ನಾನು ನಿಂತಿದ್ದು ಲಕ್ಕಿಹಳ್ಳದ ಸೇತುವೆಯ ಮೇಲೆ. ಇಳಕಲ್ಲಿನಿಂದ ಬರುವಾಗ ಎಡಕ್ಕೆ ಸಿಗುವ ತಡೆಗೋಡೆಗೆ ಹೊಟ್ಟೆ ಆನಿಸಿ, ಹಳ್ಳ ಹರಿದುಹೋಗುವ ದಿಕ್ಕಿಗೆ ಮುಖ ಮಾಡಿ ನಿಂತಿದ್ದೆ. ಶ್ರಾವಣದ ಎರಡನೆಯ ಮಂಗಳವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಗಡಿಯಾರ ನೋಡಿದ್ದು ಅಭ್ಯಾಸಬಲದಿಂದ. ನೀರಿನ ಮಾದರಿ ತೆಗೆಯುವವನು ಮೊದಲು ಸಮಯ ಬರೆಯಬೇಕು, ಆಮೇಲೆ ಬಾಟಲಿ ತುಂಬಬೇಕು. ಆ ದಿನ ನಾನು ಸಮಯ ಬರೆದುಕೊಂಡೆ. ಬಾಟಲಿ ತುಂಬಲಿಲ್ಲ.

ಸೇತುವೆಯಿಂದ ಮೂವತ್ತು ಹೆಜ್ಜೆ ಕೆಳಗೆ, ಬಲದಂಡೆಯ ಮೇಲೆ ಒಂದು ಟ್ಯಾಂಕರ್ ಹಿಂಬದಿಯನ್ನು ಹಳ್ಳಕ್ಕೆ ತಿರುಗಿಸಿ ನಿಂತಿತ್ತು. ಅದರ ಪೈಪಿನಿಂದ ಬೀಳುತ್ತಿದ್ದದ್ದು ನೀರಲ್ಲ, ನೀರಿನಷ್ಟು ತೆಳುವಾದ ಕಲ್ಲು. ಕಲ್ಲು ಕೊಯ್ಯುವ ಕಾರ್ಖಾನೆಗಳಲ್ಲಿ ಗರಗಸದ ಕೆಳಗೆ ಕೂಡುವ ರಾಡಿ ಅದು. ಬಿದ್ದ ಜಾಗದಿಂದ ಕೆಳಗೆ ಹಳ್ಳ ಹಾಲಿನ ಹಾಗೆ ಬೆಳ್ಳಗೆ ಹರಿಯುತ್ತಿತ್ತು. ಡ್ರೈವರ್ ಬೇವಿನ ಕಡ್ಡಿ ಅಗಿಯುತ್ತ ನಿಂತಿದ್ದ. ನನ್ನನ್ನು ನೋಡಿ ಪರಿಚಯದವರಿಗೆ ಎತ್ತುವ ಹಾಗೆ ಕೈ ಎತ್ತಿದ. ನಾನೂ ಕೈ ಎತ್ತಿದೆ.

ಅದಕ್ಕೀಗ ನಾಲ್ಕು ವರ್ಷ. ಹೋದ ತಿಂಗಳು ಹುನಗುಂದಕ್ಕೆ ಹೋಗುವ ಬಸ್ಸು ಎದುರಿನಿಂದ ಬಂದ ಲಾರಿಗೆ ದಾರಿ ಬಿಡಲು ಅದೇ ಸೇತುವೆಯ ಮೇಲೆ ನಿಂತಿತು. ಸಣ್ಣ ಮಳೆ ಬಂದು ಹೋಗಿತ್ತು. ಕಿಟಕಿಯಿಂದ ನೆನೆದ ಕಲ್ಲುಪುಡಿಯ ವಾಸನೆ ಬಂತು. ಹೊಸದಾಗಿ ಸುಣ್ಣ ಬಳಿದ ಕೋಣೆಯ ವಾಸನೆಯ ಹಾಗೆ, ಆದರೆ ಅದಕ್ಕಿಂತ ತಣ್ಣಗಿನದು. ಕೈ ಎತ್ತಿದ್ದು ನೆನಪಾಯಿತು. ಊರು ಬರುವವರೆಗೂ ಆ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ.

ಆ ವರ್ಷ ನನ್ನ ಕೆಲಸ ಜನರಿಗೆ ನೀರಿನ ಬಗ್ಗೆ ತಿಳಿಸಿ ಹೇಳುವುದು. ಒಂದು ವರ್ಷದ ಗುತ್ತಿಗೆ. ಬಿಎಸ್ಸಿ ಮುಗಿಸಿ ಇಳಕಲ್ಲಿನ ಮನೆಯಲ್ಲಿ ಅಪ್ಪನ ಜೊತೆ ಸೀರೆಯ ನೂಲಿಗೆ ಬಣ್ಣ ಹಾಕುತ್ತಿದ್ದವನಿಗೆ ಒಂದು ಚೀಲ, ಅದರಲ್ಲಿ ನೀರು ಪರೀಕ್ಷಿಸುವ ಪೆಟ್ಟಿಗೆ, ಐಸ್ ಡಬ್ಬಿ, ಕೊರಳಿಗೆ ಹಾಕಲು ಒಂದು ಗುರುತಿನ ಚೀಟಿ ಕೊಟ್ಟರು. ಹನ್ನೊಂದು ಹಳ್ಳಿ ನನ್ನ ಪಾಲಿಗೆ. ಈ ಊರು ಅವುಗಳಲ್ಲಿ ಒಂದು. ಹೆಸರು ಬರೆಯುವುದಿಲ್ಲ, ಅಲ್ಲಿಯವರು ಇನ್ನೂ ಅಲ್ಲೇ ಬಾಳಬೇಕಾಗಿದೆ.

ಮುಂಗಾರಿನ ಮಿರಗದ ಮಳೆ ಶುರುವಾಗುವ ಮೊದಲು ಆ ಊರಿನ ಕೆಳಗಿನ ಓಣಿಯ ಬೋರಿಗೆ ನಾನೇ ಕೆಂಪು ಬಣ್ಣ ಹಚ್ಚಿದೆ. ಫ್ಲೋರೈಡ್ ಮಿತಿಗಿಂತ ಹೆಚ್ಚಿತ್ತು. ಕೆಂಪು ಎಂದರೆ ಕುಡಿಯಬೇಡಿ ಎಂದು ಅರ್ಥ. ಹಲ್ಲು ಹಳದಿಯಾದದ್ದನ್ನು, ಗಂಟು ಹಿಡಿದದ್ದನ್ನು ಹೆಸರು ಹಿಡಿದು ತೋರಿಸಿದೆ. ಹಾಗಾದರೆ ಏನು ಕುಡಿಯುವುದು ಎಂದು ಕೇಳಿದವಳು ಶಂಕ್ರವ್ವ. ಅಂಗನವಾಡಿಯಲ್ಲಿ ಸಹಾಯಕಿ, ಐವತ್ತೈದರ ಆಸುಪಾಸು. ಹದಿನೆಂಟು ಮಕ್ಕಳಿಗೆ ಅಡುಗೆಗೂ ಕುಡಿಯಲಿಕ್ಕೂ ಆಕೆಯೇ ನೀರು ಹೊತ್ತು ತರಬೇಕು. ಓಣಿಯವರೆಲ್ಲ ಮೊದಲಿನಿಂದ ಕುಡಿಯುತ್ತಿದ್ದದ್ದು ಹಳ್ಳದ ವರ್ತಿ ನೀರು. ಸೇತುವೆಯಿಂದ ಸ್ವಲ್ಪ ಕೆಳಗೆ ಹಳ್ಳದ ಉಸುಕಿನಲ್ಲಿ ಮೊಣಕೈ ಆಳದ ಗುಂಡಿ ತೋಡಿದರೆ ಪಕ್ಕದಿಂದ ನೀರು ಸೋಸಿ ಬಂದು ನಿಲ್ಲುತ್ತದೆ. ಅದೇ ವರ್ತಿ. ಬೋರು ಬಂದ ಮೇಲೆ ಅದನ್ನು ಬಿಟ್ಟಿದ್ದರು. ನಾನು ವರ್ತಿ ನೀರನ್ನೂ ಪರೀಕ್ಷಿಸಿ ನೋಡಿದೆ. ಎಲ್ಲವೂ ಮಿತಿಯೊಳಗಿತ್ತು. ಕಾಯಿಸಿ, ಆರಿಸಿ ಕುಡಿಯಿರಿ, ಉಸುಕು ನಿಮ್ಮ ಹಿರಿಯರು ಬಿಟ್ಟುಹೋದ ಸೋಸುಗ ಎಂದು ಸ್ವಲ್ಪ ಭಾಷಣವನ್ನೇ ಮಾಡಿದೆ.

"ನೋಡ್ರವ್ವಾ, ಓದಿದವ್ರು ಬಂದು ಹೇಳಿದ ಮ್ಯಾಲೆ ನಮ್ಮ ಹಳ್ಳ ಛಲೋ ಆತು," ಎಂದಳು ಶಂಕ್ರವ್ವ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಹೀಗೆ ಅವರನ್ನು ಹಳ್ಳಕ್ಕೆ ವಾಪಸ್ ಕಳಿಸಿದವನು ನಾನು. ಇದನ್ನು ಮೊದಲೇ ಬರೆದಿಡಬೇಕು.

ಆಷಾಢದಲ್ಲಿ ಪಂಚಾಯ್ತಿಯ ಅಂಗಳದಲ್ಲಿ ಒಂದು ಪ್ರದರ್ಶನ ಇಟ್ಟೆ. ಕಲ್ಲಿನ ಕಾರ್ಖಾನೆಗಳ ಹಿಂದೆ ನಿಂತ ರಾಡಿಯನ್ನು ಒಂದು ಗಾಜಿನ ಬರಣಿಯಲ್ಲಿ ತಂದಿದ್ದೆ. ಪಾಠಕ್ಕೆ ಎರಡು ಭಾಗ ಇತ್ತು. ಮೊದಲನೆಯದು, ಬರಣಿಯನ್ನು ಅಲುಗಾಡಿಸದೆ ಇಟ್ಟರೆ ಪುಡಿ ತಳಕ್ಕೆ ಕೂತು ಮೇಲಿನ ನೀರು ತಿಳಿಯಾಗುವುದು. ಎರಡನೆಯದು, ಆ ತಳದ ಪುಡಿಯನ್ನು ಉಸುಕು ತುಂಬಿದ ಕೊಳವೆಗೆ ಸುರಿದರೆ ಉಸುಕಿನ ಸಂದುಗಳೆಲ್ಲ ಕಟ್ಟಿಹೋಗಿ ನೀರು ಇಳಿಯದೆ ನಿಲ್ಲುವುದು. ಮೇಲೆ ತಿಳಿಯಾಗಿ ಕಂಡ ನೀರಿನಲ್ಲಿ ಗರಗಸಕ್ಕೆ ಹಾಕುವ ಸುಣ್ಣ ಕರಗಿಯೇ ಉಳಿದಿರುವುದು. ಮುಖ್ಯವಾದದ್ದು ಎರಡನೆಯದೇ. ಮೊದಲನೆಯದು ಜನ ಕೂಡಲಿ ಎಂದು ಮಾಡುವ ಜಾದೂ.

ಮೊದಲ ಭಾಗ ಮುಗಿಯುವ ಹೊತ್ತಿಗೆ ಮುಖ್ಯ ಅತಿಥಿಗಳ ಜೀಪು ಬಂತು. ಮಾಲೆ, ಭಾಷಣ, ಉಪ್ಪಿಟ್ಟು. ಸಂಘಟಕರು ನನ್ನ ಕಿವಿಯಲ್ಲಿ, "ಸಾಕ್ ಬಿಡ್ರಿ ರಫೀಕ್, ಜನಾ ನೋಡ್ಯಾರಲ್ಲ," ಎಂದರು. ಉಸುಕಿನ ಕೊಳವೆಯನ್ನು ಚೀಲದಿಂದ ಹೊರಗೇ ತೆಗೆಯಲಿಲ್ಲ. ಊರಿಗೆ ನೀರು ಬಿಡುವ ವಾಲ್‌ಮನ್ ಮೌನೇಶ ಮೊದಲ ಭಾಗವನ್ನೆಲ್ಲ ತನ್ನ ಫೋನಿನಲ್ಲಿ ಹಿಡಿದಿದ್ದ. ಊರಿನ ವಾಟ್ಸಾಪ್ ಗುಂಪಿಗೆ ಹಾಕಿ, ಕೆಳಗೆ "ನಮ್ಮ ನೀರಿನ ಸರ್" ಎಂದು ಬರೆದಿದ್ದ. ಒಳ್ಳೆಯ ಹುಡುಗ. ನನಗೆ ಹೆಮ್ಮೆಯಾಗಿತ್ತು.

ಈಗ ಆ ಮಂಗಳವಾರ. ಟ್ಯಾಂಕರ್ ಹೋದ ಮೇಲೆ ಊರೊಳಗೆ ಹೋದೆ. ಮೌನೇಶ ನೀರಿನ ಟಾಕಿಯ ಕೆಳಗೆ ಕೂತಿದ್ದ.

"ಇವತ್ತೇನ್ ಹೊಸಾದಲ್ರಿ ಸರ್, ಐದು ದಿನಾ ಆತು. ಮಳಿ ಬಂದು ಹಳ್ಳ ಹರೀಲಿಕ್ಕೆ ಹತ್ತಿತಂದ್ರ ಬರ್ತಾರ. ತೊಳಕೊಂಡು ಹೊಕ್ಕೈತಿ ಅಂತ ಧೈರ್ಯ."

"ಯಾರೂ ಕೇಳಲಿಲ್ಲೇನು?"

"ನಾ ಕೇಳಿದ್ನಿ. ಡ್ರೈವರ್ ಅಂದ, ತಾಸೊತ್ತಿನ್ಯಾಗ ತಿಳಿ ಆಗ್ತೈತಿ ಬಿಡೋ, ನಿಮ್ಮ ಸರ್ರೇ ತೋರಿಸ್ಯಾನಲ್ಲ ಅಂತ."

ಬರಣಿ ಊರು ದಾಟಿ ಕಾರ್ಖಾನೆಯವರೆಗೆ ಹೋಗಿತ್ತು. ಅಲ್ಲಿಂದ ತಿರುಗಿ ಹಳ್ಳಕ್ಕೆ ಬಂದಿತ್ತು.

ಓಣಿಯ ಹೆಂಗಸರನ್ನು ಕೂಡಿಸಿ ವರ್ತಿ ನೀರು ಕುಡಿಯಬೇಡಿ ಎಂದೆ. ಶಂಕ್ರವ್ವ ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ಬೋರಿಗೆ ಕೆಂಪು ಹಚ್ಚಿದಿ. ಈಗ ಹಳ್ಳಕ್ಕೂ ಹಚ್ಚಲಿಕ್ಕೆ ಬಂದಿಯೇನು ತಮ್ಮಾ? ಎಷ್ಟು ಡಬ್ಬಿ ಬಣ್ಣ ತಂದಿ?"

ನೀರಿನ ಗಾಡಿ ಕಳಿಸಲು ಬರೆಯುತ್ತೇನೆ ಎಂದೆ, ಬರೆದೆ. ಮಾದರಿ ತೆಗೆಯಲು ತಾಲ್ಲೂಕು ಕಚೇರಿಯಿಂದ ಅಧಿಕಾರಿ ಬರಬೇಕೆಂದೂ ಬರೆದೆ. ಅಧಿಕಾರಿ ಎದುರಿಗಿಲ್ಲದೆ ತೆಗೆದ ಮಾದರಿ ಕಾಗದದ ಮೇಲೆ ನಿಲ್ಲುವುದಿಲ್ಲ ಎಂದು ತರಬೇತಿಯಲ್ಲಿ ಕಲಿಸಿದ್ದರು. ನಾನು ಕಲಿತದ್ದನ್ನು ಪಾಲಿಸುವ ಹುಡುಗ. ಚೀಲದಲ್ಲಿ ನಾಲ್ಕು ಖಾಲಿ ಬಾಟಲಿ ಇದ್ದವು. ನಾಲ್ಕನ್ನೂ ಖಾಲಿಯಾಗಿಯೇ ಇಳಕಲ್ಲಿಗೆ ತಂದೆ. ನೀರಿನ ಗಾಡಿ ಬರಲಿಲ್ಲ.

ಶುಕ್ರವಾರ ಆ ಓಣಿಯಲ್ಲಿ ಗಂಗವ್ವನ ಪೂಜೆ. ಹಳ್ಳದ ಮೊದಲ ಸೆಳವು ಇಳಿದ ಮೇಲೆ ಶ್ರಾವಣದಲ್ಲಿ ಹೊಸ ವರ್ತಿ ತೋಡುತ್ತಾರೆ. ಅದರ ಸುತ್ತ ಐದು ಕಲ್ಲು ಇಟ್ಟು, ಅರಿಷಿಣ ಮೆತ್ತಿ, ಮೊದಲ ಬೊಗಸೆ ನೀರನ್ನು ಆ ಕಲ್ಲುಗಳ ಮೇಲೆ ಹಾಕಿ, ಆಮೇಲೆ ಕೊಡ ತುಂಬಬೇಕು. ನಾನು ಬಸ್ಸಿಳಿದು ಹಳ್ಳಕ್ಕೆ ಹೋದಾಗ ಹತ್ತು ಗಂಟೆ ದಾಟಿತ್ತು. ಕೆಲವು ಹೆಂಗಸರು ಇನ್ನೂ ಅಲ್ಲೇ ಇದ್ದರು. ಎಲ್ಲರ ಮುಖದಲ್ಲೂ ಗೆಲುವಿತ್ತು.

"ಬಾ ತಮ್ಮಾ, ನೀ ಕುಡೀಬ್ಯಾಡ ಅಂದಿದ್ದಿಯಲ್ಲ, ನೋಡು ಇಲ್ಲೆ," ಎಂದಳು ಒಬ್ಬಳು. "ಗಂಗವ್ವ ತಾನ ಕುಂಕುಮ ಹಚ್ಕೊಂಡಾಳ."

ಐದು ಕಲ್ಲಿನ ಮೇಲೂ ಅರಿಷಿಣ ಕೆಂಪಾಗಿತ್ತು. ಬೊಗಸೆ ನೀರು ಹರಿದ ದಾರಿಯಲ್ಲೆಲ್ಲ ಕೆಂಪು, ನೀರು ಮುಟ್ಟದ ಕಡೆ ಹಳದಿ. ಮೂಲೆಯ ಒಂದು ಕಲ್ಲಿನ ಮೇಲೆ ಐದು ಬೆರಳಿನ ಗುರುತೂ ಕೆಂಪಾಗಿತ್ತು.

ನನ್ನ ಅಪ್ಪ ಈ ಕೆಂಪನ್ನು ಓದಬಲ್ಲವನಾಗಿದ್ದ. ಬಣ್ಣ ಹಿಡಿಯಲೆಂದು ನೂಲಿಗೆ ಹಾಕಿದ ಸೋಡಾ ಪೂರ್ತಿ ತೊಳೆದುಹೋಗಿದೆಯೇ ಎಂದು ನೋಡಲು ಅರಿಷಿಣ ಹಚ್ಚಿದ ದಾರದ ತುಂಡನ್ನು ತೊಳೆದ ನೀರಿನಲ್ಲಿ ಅದ್ದುತ್ತಿದ್ದ. ಕೆಂಪಾದರೆ ಇನ್ನೊಮ್ಮೆ ತೊಳೆ ಎಂದು ಅರ್ಥ. ನಾನು ಬಗ್ಗಿ ವರ್ತಿಯ ನೀರನ್ನು ಬೆರಳುಗಳ ನಡುವೆ ತಿಕ್ಕಿದೆ. ಸಾಬೂನಿನ ನೀರಿನಂತೆ ಜಾರಿತು. ನೋಡಲು ಮಾತ್ರ ಗಾಜಿನಷ್ಟು ತಿಳಿ.

"ಶಂಕ್ರವ್ವ ಎಲ್ಲೆ?"

"ಮೊದಲನೇ ಕೊಡ ಅಕಿಗೇ ಕೊಟ್ವಿ. ಗಂಗವ್ವ ಕೊಟ್ಟ ನೀರು, ಮಕ್ಕಳು ಕುಡೀಲಿ ಅಂತ ಅಂಗನವಾಡಿಗೆ ಒಯ್ದಾಳ."

ಓಡಿದೆ. ಹಳ್ಳದಿಂದ ಅಂಗನವಾಡಿಗೆ ನಡೆದರೆ ಆರು ನಿಮಿಷ. ನಾನು ಬಾಗಿಲಿಗೆ ಹೋದಾಗ ಶಂಕ್ರವ್ವ ಮೂರನೆಯ ಲೋಟ ತುಂಬುತ್ತಿದ್ದಳು. ಲೋಟ ಕಿತ್ತುಕೊಂಡು ಚೆಲ್ಲಿದೆ, ಕೊಡವನ್ನೂ ಅಂಗಳದಲ್ಲಿ ಬೋರಲು ಹಾಕಿದೆ. ಆಕೆ ನನ್ನನ್ನು ಹುಚ್ಚು ಹಿಡಿದವನನ್ನು ನೋಡುವಂತೆ ನೋಡಿದಳು. ಎರಡು ಮಕ್ಕಳು ಕುಡಿದಾಗಿತ್ತು. ಒಬ್ಬಳು ಮೌನೇಶನ ಮಗಳು ಸವಿತಾ. ಮುಖ ಕಿವುಚಿ, "ಕಹಿ ಐತಿ," ಎಂದಳು.

ಸಂಜೆಯ ಹೊತ್ತಿಗೆ ಸವಿತಾಳ ತುಟಿಯ ಒಳಭಾಗ ಬೆಳ್ಳಗಾಗಿ ಸಿಪ್ಪೆ ಎದ್ದಿತ್ತು. ಇನ್ನೊಂದು ಮಗು ಎರಡು ಸಲ ವಾಂತಿ ಮಾಡಿಕೊಂಡಿತು. ಹುನಗುಂದದ ದವಾಖಾನೆಗೆ ಒಯ್ದೆವು. ನಾಲ್ಕು ದಿನಕ್ಕೆ ಇಬ್ಬರೂ ಹುಷಾರಾದರು. ನಾನು ಕಂಡದ್ದು ಇಷ್ಟು. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ, ಕಡಿಮೆಯನ್ನೂ ಹೇಳುವುದಿಲ್ಲ.

ಆ ಮಧ್ಯಾಹ್ನವೇ ಅಂಗನವಾಡಿಯ ಕಟ್ಟೆಯ ಮೇಲೆ, ಶಂಕ್ರವ್ವನ ಎಲೆಅಡಿಕೆಯ ಚಂಚಿಯಿಂದ ಸುಣ್ಣದ ಡಬ್ಬಿ ಇಸಿದುಕೊಂಡೆ. ಅಂಗೈಯಲ್ಲಿ ಚಿಟಿಕೆ ಅರಿಷಿಣ, ಅದರ ಮೇಲೆ ಕಡ್ಡಿಯಷ್ಟು ಸುಣ್ಣ, ಒಂದು ಹನಿ ನೀರು. ತಿಕ್ಕಿ ತೋರಿಸಿದೆ. ಭಾಷಣ ಬೇಕಾಗಲಿಲ್ಲ. ಹೆಂಗಸರು ಒಬ್ಬರ ಹಿಂದೊಬ್ಬರು ಬಂದು ನನ್ನ ಅಂಗೈ ನೋಡಿ ಹಿಂದೆ ಸರಿದರು. ಶಂಕ್ರವ್ವ ಕಟ್ಟೆಯ ಮೇಲೆ ಕೂತು ಸುಣ್ಣದ ಡಬ್ಬಿಯ ಮುಚ್ಚಳ ಹಾಕಿದಳು.

"ಇದು ನಮಗ ಗೊತ್ತಿಲ್ಲದ್ದಲ್ಲ ತಮ್ಮಾ," ಎಂದಳು. "ದಿನಾ ಬಾಯಾಗ ಇಟ್ಕೊಳ್ಳೂದು. ಆರತಿ ನೀರಿಗೆ ಹಾಕೂದು. ಹಳ್ಳದಾಗ ಸುಣ್ಣ ಯಾಕ ಇರ್ತೈತಿ ಅಂತ ನಮಗ ಹೊಳೀಲಿಲ್ಲ. ದೇವ್ರು ಇರ್ತಾಳಂತ ಹೊಳೀತು."

ಅಧಿಕಾರಿ ಬಂದದ್ದು ಮುಂದಿನ ಗುರುವಾರ. ಅದಕ್ಕೆ ಮುಂಚೆ ಎರಡು ದಿನ ಒಂದೇ ಸಮ ಮಳೆ ಹೊಡೆದಿತ್ತು. ಟ್ಯಾಂಕರ್ ಬಂದಿರಲಿಲ್ಲ, ಅಧಿಕಾರಿ ಬರುವ ಸುದ್ದಿ ನಮಗಿಂತ ಮೊದಲು ಕಾರ್ಖಾನೆಯವರಿಗೆ ಗೊತ್ತಿತ್ತು ಎಂದು ಮೌನೇಶ ಹೇಳಿದ. ನಾನು ಅದನ್ನು ಕಣ್ಣಾರೆ ಕಂಡಿಲ್ಲ. ಕಂಡದ್ದು ಇದು: ಸೇತುವೆಯ ಕೆಳಗಿನ ದಂಡೆ ಕೆಸರಾಗಿತ್ತು. ಅಧಿಕಾರಿ ತಮ್ಮ ಬೂಟು ನೋಡಿಕೊಂಡರು. ಸೇತುವೆಯ ಮೇಲ್ಬದಿಗೆ, ಹಳ್ಳ ಹರಿದುಬರುವ ಕಡೆ, ಕಲ್ಲಿನ ಮೆಟ್ಟಿಲಿದ್ದವು.

"ಇಲ್ಲೇ ತಗೋರಿ. ಹಳ್ಳ ಒಂದ ಅಲ್ಲೇನ್ರಿ?"

"ಸರ್, ಅವ್ರು ಬಿಡೂದು ಸೇತುವಿ ಕೆಳಗ. ಮ್ಯಾಲಿನ ನೀರಿಗೆ ಅದು ಹತ್ತೂದಿಲ್ರಿ."

"ಮಳಿ ಆಗೈತಿ, ಎಲ್ಲಾ ಕಲಸೈತಿ. ನನಗ ಬೇವೂರಿಗೆ ಹೋಗೂದೈತಿ ಮೂರಕ್ಕ."

ನಾನು ಮೆಟ್ಟಿಲಿಳಿದು ಬಾಟಲಿ ತುಂಬಿದೆ. ಚೀಟಿಯ ಮೇಲೆ ಸಮಯ ಬರೆದೆ, ದಿನ ಬರೆದೆ. ಜಾಗ ಎಂಬಲ್ಲಿ "ಲಕ್ಕಿಹಳ್ಳ" ಎಂದಷ್ಟೇ ಬರೆದೆ. ಹೊಲಸು ಸೇರುವ ಜಾಗಕ್ಕಿಂತ ಮೇಲೆ ತೆಗೆದದ್ದೋ ಕೆಳಗೆ ತೆಗೆದದ್ದೋ ಎಂದು ಬರೆಯಲೇಬೇಕು. ತರಬೇತಿಯ ಎರಡನೆಯ ದಿನ ಕಲಿಸಿದ ಪಾಠ ಅದು, ಹನ್ನೊಂದು ಹಳ್ಳಿಗಳಲ್ಲಿ ಹೆಂಗಸರಿಗೆ ನಾನೇ ಕಲಿಸಿದ ಪಾಠ. ಅಧಿಕಾರಿ ಪಕ್ಕದಲ್ಲಿ ನಿಂತು ಗಡಿಯಾರ ನೋಡುತ್ತಿದ್ದರು. ಅವರು ಬರೆಯಬೇಡ ಎನ್ನಲಿಲ್ಲ. ಪೆನ್ನು ನನ್ನ ಕೈಯಲ್ಲಿತ್ತು. ಬರೆಯದೆ ಸಹಿ ಮಾಡಿದೆ.

ವರದಿ ಬಂದ ಮೇಲೆ ಪಂಚಾಯ್ತಿಯಲ್ಲಿ ಸಭೆ ಸೇರಿತು. ಕಾರ್ಖಾನೆಯ ಕಡೆಯಿಂದ ಒಬ್ಬ ಮ್ಯಾನೇಜರ್ ಬಂದಿದ್ದ. ಕಾಗದ ಒಂದನ್ನೂ ತಂದಿರಲಿಲ್ಲ, ಫೋನ್ ತಂದಿದ್ದ. ಮೌನೇಶ ಹಿಡಿದ ವಿಡಿಯೋ ಹಾಕಿ, ಅಧಿಕಾರಿಯ ಮುಂದೆ ಮೇಜಿನ ಮೇಲೆ ಇಟ್ಟ. ನನ್ನದೇ ದನಿ ಇಡೀ ಕೋಣೆಗೆ ಕೇಳಿಸಿತು: "ನೋಡ್ರಿ, ಈಗ ಹಾಲಿನಂಗ ಐತಿ. ಒಂದ್ ತಾಸು ಬಿಡ್ರಿ. ಹೆಂಗ ತಿಳಿ ಆಗ್ತೈತಿ ನೋಡ್ರಿ." ಆಮೇಲೆ ಚಪ್ಪಾಳೆ. ವಿಡಿಯೋ ಅಲ್ಲಿಗೆ ಮುಗಿಯುತ್ತದೆ.

"ನಿಮ್ಮವರ ಹೇಳ್ಯಾರ," ಎಂದ ಮ್ಯಾನೇಜರ್. ಆತ ನಗಲೂ ಇಲ್ಲ.

ನಾನು ಎದ್ದುನಿಂತೆ. ಎರಡನೆಯ ಭಾಗ ಇದೆ, ಈಗಲೇ ತೋರಿಸುತ್ತೇನೆ ಎಂದೆ. ಉಸುಕಿನ ಕೊಳವೆ ತೆಗೆದೆ, ಅರಿಷಿಣದ ಪೊಟ್ಟಣ ತೆಗೆದೆ.

"ಅರಿಷಿಣದ ಪರೀಕ್ಷೆ ಯಾವ ನಿಯಮದಾಗ ಐತ್ರಿ?" ಎಂದು ಅಧಿಕಾರಿ ಕೇಳಿದರು. "ಪ್ರಯೋಗಾಲಯದ ವರದಿ ಐತಿ. ಎಲ್ಲಾ ಮಿತಿ ಒಳಗ. ಚೀಟಿ ಮ್ಯಾಲೆ ಸಹಿ ಯಾರದು? ನಿಮ್ದ ಅಲ್ಲೇನು?"

"ಸರ್, ಅದು ಸೇತುವಿ ಮ್ಯಾಲ್ಕಡೆ ತಗೊಂಡಿದ್ದು."

"ಚೀಟಿ ಮ್ಯಾಲೆ ಹಂಗ ಬರದೀರೇನು?"

ನಾನು ಕೊಳವೆಯನ್ನು ಚೀಲಕ್ಕೆ ಹಾಕಿದೆ. ಆಗ ಮೌನೇಶ ಕೇಳಿದ, ಹಾಗಾದರೆ ನನ್ನ ಮಗಳ ಬಾಯಿ ಯಾಕೆ ಸುಟ್ಟಿತು ಎಂದು. ಸರಿಯಾದ ಪ್ರಶ್ನೆ. ಅಧಿಕಾರಿಗೂ ಒಂದು ಉತ್ತರ ಬೇಕಾಗಿತ್ತು.

"ಹಳ್ಳದ ನೀರು ಶುದ್ಧ ಐತಿ ಅಂದ್ರ ಕೊಡ ಹೊಲಸಿದ್ದಿರಬೇಕು. ತಂದಾಕಿ ಯಾರು?"

ಶಂಕ್ರವ್ವ ಬಾಗಿಲ ಹೊರಗೆ ನಿಂತಿದ್ದಳು. ಒಳಗೆ ಬರಲು ಯಾರೂ ಕರೆದಿರಲಿಲ್ಲ. ಆಕೆಯ ಕೊಡ ನಾನು ಬಲ್ಲೆ. ತಾಮ್ರದ್ದು, ತವರುಮನೆಯಿಂದ ಬಂದದ್ದು. ದಿನವೂ ಹುಣಸೆಹಣ್ಣು, ಉಸುಕು ಹಾಕಿ ತಿಕ್ಕುತ್ತಿದ್ದಳು. ಒಳಗೆ ಬಗ್ಗಿದರೆ ಮುಖ ಕಾಣುತ್ತಿತ್ತು. ಅದನ್ನು ಅಲ್ಲಿ ಹೇಳಬೇಕೆಂದು ಬಾಯಿ ತೆರೆದೆ. "ನೀವು ಕೂಡ್ರಿ," ಎಂದರು ಅಧಿಕಾರಿ. ಕೂತೆ.

ತಿಂಗಳೊಳಗೆ ಆಕೆಯನ್ನು ಕೆಲಸದಿಂದ ತೆಗೆದರು. ಮಕ್ಕಳ ಆರೋಗ್ಯದ ವಿಷಯದಲ್ಲಿ ನಿರ್ಲಕ್ಷ್ಯ ಎಂದು ಆದೇಶದಲ್ಲಿತ್ತು. ಓದಿ ಹೇಳು ಎಂದು ಆಕೆ ಕಾಗದವನ್ನು ನನ್ನ ಕೈಗೇ ಕೊಟ್ಟಳು. ಓದಿ ಹೇಳಿದೆ.

"ಕೊಡ ಹೊಲಸು ಅಂತ ಬರದಾರೇನು?"

"ಹಂಗ ಬರದಿಲ್ಲವ್ವಾ. ಆದ್ರ ಅದನ್ನ ಅಂದಂಗ."

"ಕೆಲಸ ಹೋಗ್ಲಿ ಬಿಡು. ಹೊಲಸು ಅಂದ್ರಲ್ಲ." ಕಾಗದವನ್ನು ಮಡಿಸಿ ಚಂಚಿಯಲ್ಲಿ ಇಟ್ಟುಕೊಂಡಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಈ ಬರಹ ಬೇಕಾಗುತ್ತಿರಲಿಲ್ಲವೇನೋ.

ಜನಕ್ಕೆ ತಿಳಿವಳಿಕೆ ಇಲ್ಲ ಎನ್ನುವ ಮಾತನ್ನು ಆ ವರ್ಷ ನಾನು ಪ್ರತಿ ಸಭೆಯಲ್ಲೂ ಕೇಳಿದೆ. ಮಾರ್ಚ್‌ವರೆಗೆ ಅದೇ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡು ನಾನೂ ಹೇಳಿದೆ. ಆ ಮಾತು ಕೇಳಿದರೆ ಈಗ ಮೈ ಉರಿಯುತ್ತದೆ. ಕಡ್ಡಿಯಷ್ಟು ಸುಣ್ಣ ತೋರಿಸಿದ ಕೂಡಲೇ ಆ ಓಣಿಗೆ ಎಲ್ಲ ತಿಳಿಯಿತು. ತಿಳಿಯದವರು, ತಿಳಿಯಬಾರದು ಎಂದುಕೊಂಡವರು ಮೇಜಿನ ಆ ಕಡೆ ಇದ್ದರು. ಚೀಟಿ ಬರೆಯುವಾಗ ನಾನೂ ಮೇಜಿನ ಆ ಕಡೆಯವನೇ.

ನನ್ನ ಕೊಳವೆಯಲ್ಲಿ ತೋರಿಸಲಾಗದ ಎರಡನೆಯ ಭಾಗವನ್ನು ಹಳ್ಳವೇ ತೋರಿಸಿತು. ಮಳೆಗಾಲ ಮುಗಿದ ಮೇಲೆ ಉಸುಕಿನ ಮೇಲೆ ಬಿಳಿಯ ಪದರ ಒಣಗಿ ಹಪ್ಪಳದ ಹಾಗೆ ಬಿರಿಯಿತು. ಅದರ ಕೆಳಗೆ ಉಸುಕು ಗಾರೆಯಂತೆ ಗಟ್ಟಿ. ಸಂಕ್ರಾಂತಿಯ ಹೊತ್ತಿಗೆ ಮೌನೇಶ ಗುದ್ದಲಿ ತಂದು ನನ್ನೆದುರೇ ಮೂರು ಕಡೆ ತೋಡಿದ. ಮೊಣಕೈ ಆಳ, ಆಮೇಲೆ ತೋಳಿನುದ್ದ. ತೇವ ಇತ್ತು, ನೀರು ಬರಲಿಲ್ಲ. ಆ ವರ್ಷದಿಂದ ಆ ಓಣಿಯವರು ಕುಡಿಯುವುದು ಕೆಂಪು ಬೋರಿನ ನೀರು. ಬಣ್ಣ ಬಿಸಿಲಿಗೆ ಮಾಸಿ ಈಗ ಗುಲಾಬಿಯಾಗಿದೆ. ಯಾರೂ ಮತ್ತೆ ಹಚ್ಚಿಲ್ಲ.

ಹೋದ ತಿಂಗಳು ಬಸ್ಸಿನಿಂದ ಕಂಡದ್ದು ಅದೇ ಹಳ್ಳ. ಸಣ್ಣ ಮಳೆಯ ನೀರು ಬಿಳಿ ಪದರದ ಮೇಲೆ ಇಂಗದೆ ನಿಂತಿತ್ತು. ಬಹಳ ತಿಳಿಯಾಗಿತ್ತು.

ಆ ಶ್ರಾವಣದಲ್ಲಿ ನಾನು ಕಂಡದ್ದನ್ನು ಕಂಡವರು ಬೇರೆಯವರೂ ಇದ್ದಾರೆ. ಟ್ಯಾಂಕರಿನ ಡ್ರೈವರ್ ಇದ್ದಾನೆ. ಹೆಸರು ನನಗೆ ಗೊತ್ತಿಲ್ಲ, ಹೋದ ಯುಗಾದಿಗೆ ಇಳಕಲ್ ಬಸ್ ನಿಲ್ದಾಣದಲ್ಲಿ ಕಂಡಾಗ ಅವನು ಮತ್ತೆ ಕೈ ಎತ್ತಿದ, ನಾನು ಎತ್ತಲಿಲ್ಲ. ಆ ದಿನ ದಂಡೆಯ ಮೇಲೆ ಕುರಿ ಮೇಯಿಸುತ್ತಿದ್ದ ಯಮನಪ್ಪ ಕಾಕಾ ಎಲ್ಲವನ್ನೂ ನೋಡಿದ್ದ, ಎರಡು ವರ್ಷದ ಹಿಂದೆ ತೀರಿಕೊಂಡ. ಮೌನೇಶ ಅದೇ ಊರಿನಲ್ಲಿ ಇನ್ನೂ ನೀರು ಬಿಡುತ್ತಾನೆ. ಸವಿತಾ ಎರಡನೆಯ ಇಯತ್ತೆಯಲ್ಲಿ ಓದುತ್ತಾಳೆ. ಕಹಿ ಇತ್ತು ಎಂಬುದು ಆಕೆಗೆ ಇವತ್ತಿಗೂ ನೆನಪಿದೆ. ಶಂಕ್ರವ್ವ ಇದ್ದಾಳೆ, ಕೆಳಗಿನ ಓಣಿಯ ಕೊನೆಯ ಮನೆ. ಹಳ್ಳದ ದಾರಿ ಹಿಡಿದು ಯಾರು ಬೇಕಾದರೂ ಹೋಗಿ ಕೇಳಬಹುದು. ಹೋದವರಿಗೆ ಮೊದಲು ನೀರು ಕೊಡುತ್ತಾಳೆ. ಕುಡಿಯುವ ಮುನ್ನ ಒಮ್ಮೆ ಆ ಕೊಡದೊಳಗೆ ಬಗ್ಗಿ ನೋಡಿ.